ಚಂದ್ರಿ ಕಾಲಿಟ್ಟ ಮನೆ

"ನಿಲ್ಸು! ಕುದುರೆ ನಿಲ್ಸು!"

ಬೈರಸಂದ್ರದ ಕೆರೆ ಏರಿಯ ನಟ್ಟನಡುವೆ ಸೈಕಲ್ ಅಡ್ಡ ಹಾಕಿ, ಎರಡೂ ಕೈ ಚಾಚಿ ನಿಂತಿದ್ದ ಆ ಮನುಷ್ಯನನ್ನು ಗೌರಿ ಕಂಡದ್ದೇ ಕೊನೇ ಗಳಿಗೆಯಲ್ಲಿ.

ನಾಗಾಲೋಟದಲ್ಲಿದ್ದ ಚಂದ್ರಿಯನ್ನು ನಿಂತ ನಿಲುವಿನಲ್ಲಿ ತಡೆಯುವುದೆಂದರೆ ಸುಮ್ಮನೆ ಮಾತೇ? ಅವಳು ಲಗಾಮನ್ನು ಎದೆಯತನಕ ಎಳೆದು, ಮೈಯನ್ನು ಹಿಂದಕ್ಕೆ ಚೆಲ್ಲಿದಳು. ಬಿಳಿ ಕುದುರೆ ಮುಂಗಾಲೆತ್ತಿ ಕೆನೆದು, ಸೈಕಲ್ಲಿನ ಮುಂದಿನ ಚಕ್ರದ ಮೇಲೇ ಗೊರಸು ಊರಿತು. ಚಕ್ರ ಹಪ್ಪಳದಂತೆ ಸೊಟ್ಟಗಾಯಿತು.

'ಅಯ್ಯೋ ದೇವ್ರೇ... ಸತ್ತೇ ಹೋದ!'

ಅವನು ಸತ್ತಿರಲಿಲ್ಲ. ಒಂದು ಹೆಜ್ಜೆಯೂ ಕದಲಿರಲಿಲ್ಲ. ಮುಖ ಬಿಳಿಚಿಕೊಂಡಿತ್ತು, ಆದರೆ ಕೈ ಮಾತ್ರ ಚಂದ್ರಿಯ ಬಾಯಿಪಟ್ಟಿಯನ್ನು ಹಿಡಿದುಬಿಟ್ಟಿತ್ತು!

ಗೌರಿ ಚಾಟಿ ಎತ್ತಿದಳು.

"ಕೈ ತೆಗೀರಿ! ಇಲ್ದಿದ್ರೆ ಬೀಸ್ತೀನಿ!"

"ಬೀಸು. ಆದ್ರೆ ಇವತ್ತಿಂದ ಈ ಕುದುರೆ ಲಾಯ ಬಿಟ್ಟು ಹೊರಗೆ ಬರಕೂಡದು. ಸಂಜೆ ಹೊತ್ತು ಕೆರೆ ಹತ್ರ ಅಂತೂ ಸುಳೀಲೇಬಾರ್ದು. ನಿನಗೆ ಯಾರೂ ಹೇಳ್ಲಿಲ್ವಾ?"

"ಏನ್ರೀ ಅದು ನೀನು-ತಾನು? ನಾನೇನು ನಿಮ್ಮನೆ ಮುಸುರೆ ತಿಕ್ಕೋಳಾ?"

ಅವನು ತಬ್ಬಿಬ್ಬಾದ. ಕನ್ನಡಕ ಸರಿಮಾಡಿಕೊಂಡು ಅವಳನ್ನು ಮೊದಲ ಸಲ ನೆಟ್ಟಗೆ ನೋಡಿದ. ಕಪ್ಪು ಮುಖ, ಒತ್ತಾದ ಗುಂಗುರು ಕೂದಲು, ಕಾಲಿಗೆ ಅಪ್ಪನ ಹಳೇ ಸವಾರಿ ಬ್ರೀಚಸ್ಸು, ಮೇಲೆ ಸೊಂಟಕ್ಕೆ ಬಿಗಿದ ಅರ್ಧ ಸೀರೆ. ಕಣ್ಣಿನಲ್ಲಿ ಬೆಂಕಿ.

"ತಪ್ಪಾಯ್ತು," ಎಂದ. "ನಿಮಗೆ ಯಾರೂ ಹೇಳ್ಲಿಲ್ವಾ? ನಾನು ಅನಂತಪದ್ಮನಾಭ, ಪಶು ಆಸ್ಪತ್ರೆ ಡಾಕ್ಟರು. ಕುದುರೆಗಳಿಗೆ ಒಂದು ಜ್ವರ ಬಂದಿದೆ. ಉತ್ತರದ ಕಡೆ ಸಾವಿರಗಟ್ಟಲೆ ಸತ್ತಿವೆ. ಈಗ ಬೆಂಗಳೂರಿಗೂ ಬಂದಿದೆ."

"ನಮ್ಮ ಕುದುರೆಗೆ ಏನೂ ಬಂದಿಲ್ಲ. ದಾರಿ ಬಿಡಿ!"

ಹಾಗೆಂದು ಅವಳು ಚಂದ್ರಿಯನ್ನು ತಿರುಗಿಸಿ ಹೊರಟೇಬಿಟ್ಟಳು. ಸೊಟ್ಟ ಸೈಕಲ್ಲು ಹಿಡಿದು ನಿಂತ ಆ ಡಾಕ್ಟರನ್ನು ಹಿಂದಿರುಗಿ ಕೂಡ ನೋಡಲಿಲ್ಲ.

ಅದು ೧೯೬೦ರ ಶ್ರಾವಣ. ಜಯನಗರ ಆಗಿನ್ನೂ ಅರ್ಧ ಕಟ್ಟಿದ ಊರು. ನಾಲ್ಕು ಮನೆ, ಆಮೇಲೆ ರಾಗಿ ಹೊಲ, ಆಮೇಲೆ ಮತ್ತೆ ನಾಲ್ಕು ಮನೆ. ಅದರ ಮಗ್ಗುಲಿಗೇ, ಬೈರಸಂದ್ರದ ಕೆರೆಯ ಕೆಳಗೆ, ಸಿದ್ದಿ ಸವಾರರ ನಾಲ್ಕಾರು ಗುಡಿಸಲುಗಳಿದ್ದವು. ಜನ ಅದನ್ನು ಲಾಯದ ಕೇರಿ ಅನ್ನುತ್ತಿದ್ದರು.

ಗೌರಿಯ ಅಪ್ಪ ಬೈರಣ್ಣ ಹುಟ್ಟಿದ್ದು ಯಲ್ಲಾಪುರದ ಕಾಡಿನಲ್ಲಿ. ಯಾವುದೋ ಕಾಲದಲ್ಲಿ ಆಫ್ರಿಕಾದಿಂದ ಹಡಗಿನಲ್ಲಿ ಹೊತ್ತು ತಂದು ಮಾರಿದ್ದ ಜನರ ಕುಡಿ ಅವನು. ಸೈನ್ಯದ ಅಧಿಕಾರಿಯೊಬ್ಬರ ಹಿಂದೆ ಬೆಂಗಳೂರಿಗೆ ಬಂದು, ಮಹಾರಾಜರ ಅಶ್ವದಳದ ಲಾಯ ಸೇರಿದ. ಲದ್ದಿ ಬಾಚುವುದರಿಂದ ಶುರುಮಾಡಿದವನು ದಫೇದಾರನಾದ. ಅವನ ಬೆನ್ನಿಗೇ ಅವನ ಕಡೆಯ ಹುಡುಗರೂ ಬಂದರು. ದಳ ಮುಚ್ಚಿತು, ಸವಾರರು ಬೀದಿಗೆ ಬಿದ್ದರು. ಅವರು ಕುದುರೆ ಮಾತ್ರ ಬಿಡಲಿಲ್ಲ. ಮದುವೆ ಗಂಡುಗಳನ್ನು ಮೆರವಣಿಗೆ ಹೊರಡಿಸಿದರು, ಜಟಕಾ ಹೂಡಿದರು, ದೊಡ್ಡವರ ಮಕ್ಕಳಿಗೆ ಸವಾರಿ ಕಲಿಸಿದರು. ಮತ್ತೆ ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ, ಓಡುವ ಕುದುರೆಯಿಂದ ಬಾಗಿ ನೆಲದಲ್ಲಿ ನೆಟ್ಟ ಗೂಟವನ್ನು ಭರ್ಜಿಯ ಮೊನೆಯಲ್ಲಿ ಎತ್ತುವ ಆಟ ಆಡಿದರು.

ತಾಯಿಯಿಲ್ಲದ ಗೌರಿ ಆ ಲಾಯದಲ್ಲೇ ಬೆಳೆದಳು. ಅವಳ ಹೆಸರು ಕೇಳಿದ ಜಯನಗರದ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು.

"ಇವಳು ಗೌರಿಯಂತೆ ಕಣ್ರೀ! ಹಾಗಾದ್ರೆ ಕಾಳಿ ಹೇಗಿರ್ತಾಳೋ!"

ಗೌರಿಗೆ ಅದು ಅಭ್ಯಾಸವಾಗಿತ್ತು. ಕುದುರೆಯ ಮೇಲೆ ಕೂತರೆ ಆ ನಗು ಕಿವಿಗೆ ಬೀಳುತ್ತಿರಲಿಲ್ಲ.

ಮಾರನೇ ದಿನವೇ ಆ ಡಾಕ್ಟರ್ ಮದ್ದಿನ ಪೆಟ್ಟಿಗೆ ಹಿಡಿದು ಕೇರಿಗೆ ಬಂದ. ನಡೆದುಕೊಂಡು ಬಂದ.

ಬೈರಣ್ಣ ಒಪ್ಪಿಕೊಂಡ. ಒಂದೊಂದೇ ಕುದುರೆಗೆ ಸೂಜಿ ಬಿತ್ತು. ಆದರೆ ಗೌರಿ ಚಂದ್ರಿಯ ಮುಂದೆ ಗೋಡೆಯ ಹಾಗೆ ನಿಂತಳು.

"ಇದನ್ನ ಮುಟ್ಬೇಡಿ. ಸರ್ಕಾರದ ಸೂಜಿ ಚುಚ್ಚಿ ಸಾಯಿಸಿಬಿಟ್ರೆ, ನಿಮ್ಗೇನು, ಒಂದು ಬಿಳಿ ಕುದುರೆ ಕಮ್ಮಿ ಆಯ್ತು ಅಷ್ಟೇ!"

"ಕೇಳಿ ಇಲ್ಲಿ. ಮದ್ದು ಹಿಡಿಯೋಕೆ ಸ್ವಲ್ಪ ದಿನ ಬೇಕು. ಈಗ ಹಾಕಿಸದಿದ್ರೆ..."

"ಮುಟ್ಬೇಡಿ ಅಂದ್ನಲ್ಲ!"

ಅವನ ದವಡೆ ಬಿಗಿಯಿತು. "ಹಟಕ್ಕೆ ಔಷಧಿ ನನ್ನ ಹತ್ರ ಇಲ್ಲ," ಎಂದು ಪೆಟ್ಟಿಗೆ ಮುಚ್ಚಿ ಹೊರಟುಹೋದ.

ಆ ವಾರ ಕಳೆಯುವುದರೊಳಗೆ ಬೈರಣ್ಣನ ಮುದಿ ಕುದುರೆ ನವಾಬ ಮೂಗಿನಲ್ಲಿ ನೊರೆ ಕಾರುತ್ತಾ ಬಿದ್ದುಬಿಟ್ಟ. ಮಧ್ಯಾಹ್ನದ ಹೊತ್ತಿಗೆ ಪ್ರಾಣ ಹೋಗಿತ್ತು. ಅಶ್ವದಳದ ಮೆರವಣಿಗೆಯಲ್ಲಿ ತನ್ನನ್ನು ಹೊತ್ತಿದ್ದ ಜೀವದ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬೈರಣ್ಣ ಕೂತುಬಿಟ್ಟ.

ಅನಂತ ಓಡಿ ಬಂದ. ಗೌರಿ ಬಾಗಿಲಲ್ಲೇ ತಡೆದಳು.

"ಸೂಜಿ ಚುಚ್ಚಿದ್ದಕ್ಕೇ ಸತ್ತ! ಸಂತೋಷ ಆಯ್ತಾ?"

"ಗೌರಿ, ಅದಕ್ಕೆ ಆಗ್ಲೇ ರೋಗ ತಗಲಿತ್ತು. ಕೆರೆ ಅಂಚಿನ ಸಣ್ಣ ನುಸಿ ಕಚ್ಚಿ ಬರೋ ರೋಗ ಇದು. ಒಳಗೇ ಇತ್ತು, ನನಗೂ ಕಾಣಲಿಲ್ಲ..."

"ಹೋಗ್ರೀ! ನಿಮ್ಮ ಮುಖ ನೋಡೋಕೆ ಇಷ್ಟ ಇಲ್ಲ!"

ಅವನು ಬೈರಣ್ಣನ ಮುಂದೆ ಹೋಗಿ ಮಂಡಿಯೂರಿ ಕೂತ. ನವಾಬನ ಕಣ್ಣು ಮುಚ್ಚಿಸಿ ಎದ್ದುಹೋದ.

'ನಾಟಕ!' ಎಂದುಕೊಂಡಳು ಗೌರಿ. ಆದರೆ ಆ ಕೈ ನಡುಗುತ್ತಿತ್ತು ಎಂಬುದನ್ನು ಅವಳ ಕಣ್ಣು ನೋಡಿಬಿಟ್ಟಿತ್ತು.

ಅಸಲಿ ಕಷ್ಟ ಶುರುವಾಗಿದ್ದು ಅದಾದ ಮೇಲೆ.

ಬೆಳಿಗ್ಗೆ ಬೀದಿ ನಲ್ಲಿಯ ಹತ್ತಿರ ಗೌರಿ ಬಿಂದಿಗೆ ಇಟ್ಟಳು. ಹಾಲು ಮಾರುವ ಮಂಗಮ್ಮ ಅದನ್ನು ಕಾಲಿನಿಂದ ಒದ್ದಳು. ಬಿಂದಿಗೆ ಚರಂಡಿಗೆ ಉರುಳಿತು.

"ಮಂಗಮ್ಮಕ್ಕಾ! ಯಾಕೆ?"

"ಅಕ್ಕ-ಗಿಕ್ಕ ಅನ್ಬೇಡ! ಆಫ್ರಿಕಾ ರೋಗ ಅಂತೆ ಅದು. ನಿಮ್ಮ ದೇಶದ್ದು! ನಿಮ್ಮ ಮೈಯಿಂದ ಕುದುರೆಗೆ, ಕುದುರೆಯಿಂದ ನಮ್ಮ ಹಸುಗೆ, ಹಸು ಹಾಲಿಂದ ನಮ್ಮ ಮಕ್ಳಿಗೆ. ರೇವಣಸಿದ್ದಪ್ಪೋರು ಮೀಟಿಂಗಲ್ಲಿ ಎಲ್ಲಾ ಹೇಳಿದ್ರು."

"ನಮ್ಮ ದೇಶ? ನಾನು ಇದೇ ಕೆರೆ ನೀರು ಕುಡ್ಕೊಂಡು ಬೆಳ್ದೋಳು..."

"ಇನ್ಮೇಲೆ ಅದನ್ನೂ ಕುಡೀಬೇಡ!"

ಅಂಗಡಿಯವನು ಬೆಲ್ಲ ಕೊಡಲಿಲ್ಲ. ಮದುವೆಗೆ ಹೇಳಿದ್ದ ಕುದುರೆ ಬೇಡವೆಂದು ಮನೆಯವರು ಆಳು ಕಳಿಸಿದರು. ಹಾದಿಯಲ್ಲಿ ಎಲ್ಲಿಂದಲೋ ಕಲ್ಲೊಂದು ಬಂದು ಚಂದ್ರಿಯ ತೊಡೆಗೆ ಬಡಿಯಿತು.

'ಆಫ್ರಿಕಾ ರೋಗ... ಈ ಹೆಸರು ಯಾರ ಬಾಯಿಂದ ಬಂತು?'

ಉತ್ತರ ಸಿಗಲು ಹೊತ್ತು ಹಿಡಿಯಲಿಲ್ಲ. ರೇವಣಸಿದ್ದಪ್ಪ ಕಟ್ಟಡದ ಕಂಟ್ರಾಕ್ಟರು, ಬಡಾವಣೆಯ ಸಂಘಕ್ಕೆ ಕಾರ್ಯದರ್ಶಿ. ಲಾಯ ಕಂಡರೆ ಮೊದಲಿನಿಂದಲೂ ಆಗದು, ವಾಸನೆ ಅನ್ನುತ್ತಿದ್ದ. ಅವನು ಕರೆದಿದ್ದ ಸಭೆಯಲ್ಲಿ ರೋಗದ ಹೆಸರು ಹೇಳಿದ್ದು ಅನಂತಪದ್ಮನಾಭನೇ!

ಗೌರಿ ನೆಟ್ಟಗೆ ಪಶು ಆಸ್ಪತ್ರೆಗೆ ನುಗ್ಗಿದಳು. ಅಲ್ಲಿ ಹಸು, ಎಮ್ಮೆ ಹಿಡಿದುಕೊಂಡು ಜನ ಕಾದಿದ್ದರು. ಯಾರನ್ನೂ ಲೆಕ್ಕಿಸಲಿಲ್ಲ.

"ಡಾಕ್ಟ್ರೇ! ಆ ಜ್ವರಕ್ಕೆ ನಮ್ಮ ಹೆಸರು ಇಟ್ಟಿದ್ದು ನೀವೇನಾ?"

ಅವನು ಎದ್ದು ನಿಂತ. "ಪುಸ್ತಕದಲ್ಲಿ ಅದಕ್ಕೆ ಇರೋ ಹೆಸರೇ ಅದು. ಮೊದಲು ಕಂಡಿದ್ದು ಆ ಕಡೆ ಅಂತ... ಏನು ರೋಗ ಅಂತ ಕೇಳಿದ್ರು, ಹೇಳ್ದೆ. ಇದು ಕುದುರೆಗೆ ಮಾತ್ರ, ಮನುಷ್ಯರಿಗೆ ಬರಲ್ಲ, ಹಸೂಗೆ ಬರಲ್ಲ ಅಂತಾನೂ ಹೇಳ್ದೆ."

"ಅವ್ರು ಹೆಸರು ಒಂದೇ ಕೇಳಿಸ್ಕೊಂಡ್ರು! ನಿಮಗೆ ಗೊತ್ತಾಗ್ಲಿಲ್ವಾ? ಊರಿನೋರೆಲ್ಲ ಯಾರ ಮುಖ ನೋಡ್ಕೊಂಡು ಆ ಹೆಸರು ಕೇಳಿಸ್ಕೋತಾರೆ ಅಂತ ಒಂದ್ ಸಲಾನೂ ಅನ್ನಿಸ್ಲಿಲ್ವಾ?"

ಅವನ ಮುಖ ಕಳೆಗುಂದಿತು. "ಇಲ್ಲ," ಎಂದ ಮೆಲ್ಲಗೆ. "ಅನ್ನಿಸ್ಲಿಲ್ಲ. ಅನ್ನಿಸ್ಬೇಕಿತ್ತು."

ಬೈಗುಳಕ್ಕೆ ಬೈಗುಳ ಬರುತ್ತದೆ ಎಂದು ಬಂದಿದ್ದ ಗೌರಿಗೆ ಆ ತಪ್ಪೊಪ್ಪಿಗೆ ತಡೆಯಲಾಗಲಿಲ್ಲ. ಕಣ್ಣು ತುಂಬಿಬಂತು. ಅದನ್ನು ಅವನಿಗೆ ತೋರಿಸುವುದೇ? ಸರ್ರನೆ ತಿರುಗಿ ಹೊರಟಳು.

ಆ ಭಾನುವಾರ ಸಂಘದ ಕಟ್ಟೆಯ ಮುಂದೆ ಹಾದುಹೋಗುವಾಗ ರೇವಣಸಿದ್ದಪ್ಪನ ಪಕ್ಕದಲ್ಲೇ ಅವನು ನಿಂತಿದ್ದುದನ್ನು ಕಂಡಳು. ಏನೋ ಜೋರಾಗಿ ಮಾತಾಡುತ್ತಿದ್ದ. ಅವನು ಜಗಳವಾಡುತ್ತಿದ್ದನೆಂದು, ಲಾಯ ಕೀಳಿಸುವ ಮಾತಿಗೆ ಒಪ್ಪುವುದಿಲ್ಲವೆಂದು ಅಷ್ಟು ಜನರೆದುರು ಹೇಳುತ್ತಿದ್ದನೆಂದು ದೂರದಿಂದ ಅವಳಿಗೆ ಹೇಗೆ ತಿಳಿಯಬೇಕು?

'ಎಲ್ಲಾ ಒಂದೇ ಜಾತಿ ಹಾವುಗಳು...' ಎಂದು ಹಲ್ಲು ಕಚ್ಚಿದಳು.

ಶ್ರಾವಣದ ಕೃಷ್ಣಪಕ್ಷ ಬಂತು. ಒಂದು ಬೆಳಿಗ್ಗೆ ಚಂದ್ರಿ ಹುಲ್ಲು ಮುಟ್ಟಲಿಲ್ಲ.

ಗೌರಿ ಅದರ ಕೊರಳು ಮುಟ್ಟಿದಳು. ಕಾದ ಹೆಂಚು! ಕಣ್ಣಿನ ಮೇಲಿನ ಗುಳಿ ಊದಿಕೊಂಡಿತ್ತು. ನವಾಬನಿಗೂ ಹೀಗೇ ಆಗಿತ್ತು.

"ಅಪ್ಪಾ..." ಎಂದವಳೇ ಕುಸಿದಳು. "ನಾನೇ ಅಪ್ಪಾ. ನಾನೇ ಸೂಜಿ ಬೇಡ ಅಂದಿದ್ದು. ನಾನೇ ಕೊಂದೆ ಇದನ್ನ!"

"ಇನ್ನೂ ಉಸಿರಾಡ್ತಿದೆ ಕಣೇ," ಎಂದ ಬೈರಣ್ಣ. "ಡಾಕ್ಟ್ರನ್ನ ಕರೀತೀನಿ."

"ಬೇಡ! ಅವರು ಬಂದ್ರೆ ಗುಂಡು ಹೊಡೀತಾರೆ. ರೋಗ ಬಂದ ಕುದುರೇನ ಸುಡಿಸ್ತಾರೆ ಅಂತ ಜನ ಎಲ್ಲಾ ಮಾತಾಡ್ಕೋತಿದಾರೆ. ನಾನು ಬೇಗೂರಿಗೆ ಹೋಗ್ತೀನಿ. ಅಲ್ಲಿ ಬೋರಣ್ಣಮಾವನ ತೋಟದಲ್ಲಿ ಕೊಟ್ಟಿಗೆ ಇದೆ. ಕೇಳ್ಕೊಂಡು ಬರ್ತೀನಿ, ಅಲ್ಲೇ ಬಚ್ಚಿಡೋಣ."

ಬೋರಣ್ಣ ಬೈರಣ್ಣನ ಜೊತೆ ದಳದಲ್ಲಿದ್ದ ಗೆಳೆಯ. ಗೌರಿ ಇನ್ನೊಂದು ಕುದುರೆ ಹತ್ತಿ ಬಿಳೇಕಹಳ್ಳಿ ದಾಟಿ ಬೇಗೂರಿನತ್ತ ಓಡಿಸಿದಳು. ಆದರೆ ಬೋರಣ್ಣ ಬಾಗಿಲು ಪೂರ್ತಿ ತೆರೆಯಲೇ ಇಲ್ಲ.

"ಊರೋರು ಒಪ್ಪಲ್ಲ ಮಗಾ... ಏನ್ ಮಾಡ್ಲಿ? ತಪ್ಪು ತಿಳ್ಕೋಬೇಡ," ಎಂದು ತಲೆ ತಗ್ಗಿಸಿದ.

ಬರಿಗೈಯಲ್ಲಿ ತಿರುಗಿ ಬರುವ ಹೊತ್ತಿಗೆ ಬಿಸಿಲು ಇಳಿಮುಖವಾಗಿತ್ತು. ಕೇರಿ ಕಂಡದ್ದೇ ಅವಳ ಕೈಯಿಂದ ಲಗಾಮು ಜಾರಿತು.

ಲಾಯದ ಸೂರು ಕಿತ್ತು ನೆಲಕ್ಕೆ ಎಸೆದಿದ್ದರು. ಗೋದಲಿಗಳು ಮುರಿದಿದ್ದವು. ಒಂದು ಕುದುರೆಯೂ ಇಲ್ಲ. ಅಪ್ಪನೂ ಇಲ್ಲ! ಕೇರಿಯ ಹೆಂಗಸರು ಮಕ್ಕಳನ್ನು ಅವುಚಿಕೊಂಡು ಎಲ್ಲಿಗೋ ಓಡಿಹೋಗಿದ್ದರು.

ಮುರಿದ ಕಂಬದ ಪಕ್ಕ ರೇವಣಸಿದ್ದಪ್ಪ ತನ್ನ ಆಳುಗಳೊಂದಿಗೆ ನಿಂತಿದ್ದ.

"ಚಂದ್ರಿ ಎಲ್ಲಿ? ನಮ್ಮಪ್ಪ ಎಲ್ಲಿ?"

"ನಿನ್ನ ಬಿಳಿ ಕುದುರೇನಾ?" ಅವನು ಹಲ್ಲು ಬಿಟ್ಟ. "ಡಾಕ್ಟ್ರು ಹಿಡ್ಕೊಂಡು ಹೋದ್ರು. ಇನ್ನೇನ್ ಮಾಡ್ತಾರೆ? ಇಷ್ಟ್ ಹೊತ್ತಿಗೆ ಗುಂಡು ಹೊಡ್ದಿರ್ತಾರೆ."

ಗೌರಿ ಜಾರಿದ ಲಗಾಮನ್ನು ಮತ್ತೆ ಎತ್ತಿ ಹಿಡಿದಳು.

'ನಾನು ಊರಲ್ಲಿಲ್ಲದ ಹೊತ್ತು ನೋಡ್ಕೊಂಡು... ಥೂ! ಇವನಂಥ ಮನುಷ್ಯನ ಕೈ ನಡುಗಿದ್ದು ನೋಡಿ ನನ್ನ ಮನಸ್ಸು ಕರಗಿತ್ತಲ್ಲ!'

ಕುದುರೆಯನ್ನು ತಿರುಗಿಸಿದಳು. ಜಯನಗರದ ಹೊಸ ರಸ್ತೆಗಳಲ್ಲಿ ಗೊರಸಿನ ಸದ್ದು ಗುಡುಗಿತು. ಕಾಂಪೌಂಡುಗಳ ಹಿಂದೆ ಜನ ಎದ್ದು ನಿಂತರು. ಯಾರೋ ಕಿರುಚಿದರು. ಗೌರಿ ಬಾಗಿ ಕೆಮ್ಮಣ್ಣಿನಲ್ಲಿ ಮೂಡಿದ್ದ ಗೊರಸಿನ ಗುರುತುಗಳನ್ನೇ ನೋಡುತ್ತಾ ಓಡಿಸಿದಳು. ಗುರುತುಗಳು ಆಸ್ಪತ್ರೆಯ ಕಡೆ ತಿರುಗಲಿಲ್ಲ! ನಾಲ್ಕನೇ ಬ್ಲಾಕಿನ ಕಡೆ ಏರಿದವು. ಇನ್ನೂ ಸುಣ್ಣದ ವಾಸನೆ ಆರದ ಒಂದು ಹೊಸ ಮನೆಯ ಮುಂಬಾಗಿಲಿನಲ್ಲಿ ಹೋಗಿ ನಿಂತವು.

ಬಾಗಿಲಿಗೆ ಮಾವಿನ ತೋರಣ ಕೂಡ ಕಟ್ಟಿಲ್ಲದ ಮನೆ. ಗೃಹಪ್ರವೇಶವೇ ಆಗಿಲ್ಲದ ಮನೆ!

ಗೌರಿ ಚಾಟಿ ಹಿಡಿದು ಒಳಗೆ ನುಗ್ಗಿದಳು.

"ಎಲ್ಲಿದೀರಿ ಡಾಕ್ಟ್ರೇ! ಈಚೆ ಬನ್ನಿ! ಇವತ್ತು ನಿಮ್ಮನ್ನ..."

ಅವಳ ಹೆಜ್ಜೆ ಅಲ್ಲೇ ನಿಂತಿತು.

ನಡುಮನೆಯ ಕೆಂಪು ನೆಲದ ಮೇಲೆ ಹುಲ್ಲು ಹಾಸಿತ್ತು. ಎಲ್ಲಾ ಕಿಟಕಿಗಳಿಗೂ ಹಳೇ ಸೀರೆಗಳನ್ನು ಬಿಗಿದು ಕಟ್ಟಿತ್ತು. ಮೂಲೆಯಲ್ಲಿ ಬೇವಿನೆಲೆಯ ಹೊಗೆ ಆಡುತ್ತಿತ್ತು. ಒಳಕೋಣೆಗಳಲ್ಲಿ ಕೇರಿಯ ಉಳಿದ ಕುದುರೆಗಳು. ನಡುವೆ, ಹುಲ್ಲಿನ ಮೇಲೆ, ಚಂದ್ರಿ. ಅದರ ತಲೆಗೆ ಒದ್ದೆ ಬಟ್ಟೆ ಒತ್ತುತ್ತಾ ಅನಂತಪದ್ಮನಾಭ ಕೂತಿದ್ದ. ಅವನ ಹಣೆ ಒಡೆದು ರಕ್ತ ಅಂಗಿಯ ಮೇಲೆ ಒಣಗಿತ್ತು.

ಬೈರಣ್ಣ ಅವನ ಪಕ್ಕದಿಂದ ಎದ್ದ.

"ಚಾಟಿ ಕೆಳಗಿಡು ಗೌರಿ. ನೀನು ಹೋದ್ಮೇಲೆ ನಾನೇ ಇವರನ್ನ ಕರೆಸ್ದೆ. ಸೂರು ಕೀಳೋಕೆ ಬಂದೋರನ್ನ ಇವರು ಅಡ್ಡ ನಿಂತು ತಡೆಯೋಕೆ ನೋಡಿದ್ರು. ಕಲ್ಲೇಟು ತಿಂದ್ರು. ಸಂಜೆ ನುಸಿ ಏಳೋ ಮುಂಚೆ ಕುದುರೆಗಳನ್ನ ನೆರಳಿಗೆ ಸೇರಿಸ್ಬೇಕು ಅಂತ ತಮ್ಮನೆಗೇ ಹೊಡ್ಕೊಂಡು ಬಂದ್ರು. ಸಂಘದೋರ ಹತ್ರ ಜಗಳ ಕಾದಿದ್ದೂ ಇವರೇ ಅಂತೆ."

"ಗುಂಡು ಹೊಡೀತೀರಿ ಅಂತ..." ಎಂದಳು ಅವಳು.

"ನಾನಾ?" ಅವನು ದಣಿದ ಕಣ್ಣೆತ್ತಿದ. "ಬದುಕುತ್ತೋ ಇಲ್ವೋ ಹೇಳೋಕಾಗಲ್ಲ ಗೌರಿ. ಸುಳ್ಳು ಹೇಳಲ್ಲ. ಈ ರೋಗಕ್ಕೆ ಔಷಧಿ ಇಲ್ಲ. ನೀರು, ನೆರಳು, ಬಿಡದೆ ನೋಡ್ಕೊಳ್ಳೋದು... ಅಷ್ಟೇ ನನ್ನ ಕೈಲಿರೋದು. ಕೂತ್ಕೊಳ್ಳಿ. ನಿಮ್ಮ ದನಿ ಕೇಳಿದ್ರೆ ನೀರು ಕುಡಿಯುತ್ತೇನೋ."

ಚಾಟಿ ಕೈಯಿಂದ ಬಿತ್ತು. ಗೌರಿ ಚಂದ್ರಿಯ ಕೊರಳಿಗೆ ಮುಖ ಒತ್ತಿ ಬಿಕ್ಕಿದಳು.

ಹೊರಗೆ ಗದ್ದಲ ಎದ್ದಿತು. ರೇವಣಸಿದ್ದಪ್ಪ ಜನ ಕಟ್ಟಿಕೊಂಡು ಬಂದಿದ್ದ. ಕೈಯಲ್ಲಿ ದೊಣ್ಣೆಗಳು.

"ಹೊರಗೆ ಹಾಕ್ರಿ ಆ ದರಿದ್ರಗಳನ್ನ! ಮರ್ಯಾದಸ್ಥರು ಇರೋ ಬಡಾವಣೆ ಇದು!"

ಅನಂತ ಬಾಗಿಲಿಗೆ ಹೋದ. ಗೌರಿ ಚಾಟಿ ಎತ್ತಿಕೊಂಡು ಅವನ ಪಕ್ಕದಲ್ಲಿ ನಿಂತಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಆದರೆ ಭುಜಕ್ಕೆ ಭುಜ ತಾಗಿತ್ತು...

ಅಷ್ಟರಲ್ಲಿ ಜಟಕಾವೊಂದು ಬಂದು ನಿಂತಿತು. ಇಳಿದವರು ಕಮಲಾದೇವಿ. ಅನಂತನ ತಾಯಿ. ಗಂಡ ತೀರಿಕೊಂಡ ಮೇಲೆ ಬಸವನಗುಡಿಯ ಬಾಡಿಗೆ ಮನೆಯಲ್ಲಿದ್ದುಕೊಂಡು, ಒಂದೊಂದೇ ಇಟ್ಟಿಗೆ ಕೂಡಿಸುವಂತೆ ಈ ಮನೆ ಕಟ್ಟಿಸಿದ ಹೆಂಗಸು. ಬರುವ ಶುಕ್ರವಾರ ಗೃಹಪ್ರವೇಶ!

ಅವರು ಗುಂಪನ್ನು ಸೀಳಿಕೊಂಡು ಬಂದು ಒಳಗೆ ನೋಡಿದರು. ಹೊಸ ನೆಲದ ಮೇಲೆ ಲದ್ದಿ. ಕಿಟಕಿಗೆ ತಮ್ಮದೇ ಸೀರೆಗಳು!

"ಅನಂತಾ..." ಎಂದು ಮಗನತ್ತ ತಿರುಗಿದರು. "ಕುದುರೆ ಲಾಯ ಮಾಡಿದೆಯಾ ನನ್ನ ಮನೇನ? ಗೋವು ಕಾಲಿಡಬೇಕಾದ ಕಡೆ..."

"ಅಮ್ಮಾ, ಎಲ್ಲಿಗೂ ದಾರಿ ಇರ್ಲಿಲ್ಲ."

"ನೋಡಿದ್ರಾ ತಾಯಿ?" ರೇವಣಸಿದ್ದಪ್ಪ ಮುಂದೆ ಬಂದ. "ನಿಮ್ಮ ಮಗನಿಗೆ ಈ ಕರಿ ಹುಡುಗಿ ಮಂಕುಬೂದಿ ಎರಚಿದಾಳೆ. ಹುಂ ಅನ್ನಿ, ನಾವೇ ಒಳಗೆ ನುಗ್ಗಿ ಖಾಲಿ ಮಾಡಿಸ್ತೀವಿ!"

ಕಮಲಾದೇವಿ ನಿಧಾನವಾಗಿ ತಿರುಗಿದರು.

"ಯಾರ ಮನೆಗೆ ನುಗ್ತೀರಿ?"

"ಅಲ್ಲ ತಾಯಿ, ನಿಮ್ಮ ಒಳ್ಳೇದಕ್ಕೇ..."

"ನನ್ನ ಮಗನ್ನ ಬೈಯೋಕೆ ನಾನಿದೀನಿ. ಚೆನ್ನಾಗೇ ಬೈತೀನಿ. ಅವನ ಹಣೆ ಒಡೆಯೋಕೆ ನೀವ್ಯಾರು? ನನ್ನ ಹೊಸಿಲ ಮೇಲೆ ದೊಣ್ಣೆ ಹಿಡ್ಕೊಂಡು ಕಾಲಿಟ್ಟೋನ ಮೇಲೆ ಪೊಲೀಸ್ ಕಂಪ್ಲೇಂಟ್ ಕೊಡ್ತೀನಿ. ನಡೀರಿ ಆಚೆ!"

ಗುಂಪು ಗೊಣಗಿತು, ಹಿಂದೆ ಸರಿಯಿತು, ಚೆದುರಿತು. ಗೌರಿ ಕೈಮುಗಿಯಲು ಬಾಗಿದಳು.

"ನನಗೆ ಕೈಮುಗೀಬೇಡ," ಎಂದರು ಕಮಲಾದೇವಿ ಸಿಡುಕಿ. "ನಿನ್ನ ಮೇಲಿನ ಪ್ರೀತಿಗೆ ಮಾಡಿದ್ದಲ್ಲ ಇದು." ಅದೇ ಜಟಕಾ ಹತ್ತಿ ಹೊರಟುಹೋದರು. ಶುಕ್ರವಾರದ ಗೃಹಪ್ರವೇಶ ನಿಂತುಹೋಯಿತು.

ಮುಂದಿನ ದಿನಗಳನ್ನು ಗೌರಿ ಆ ನಡುಮನೆಯಲ್ಲೇ ಕಳೆದಳು. ಚಂದ್ರಿಯ ಉಸಿರು ಏರಿದರೆ ಇಬ್ಬರೂ ಉಸಿರು ಬಿಗಿಹಿಡಿಯುವರು. ಅದು ನೀರಿನ ಬಾನಿಯೊಳಗೆ ಮೂತಿ ಇಟ್ಟು ತಾನಾಗಿ ನೀರು ಕುಡಿದ ಬೆಳಿಗ್ಗೆ, ಅನಂತ ಮಗುವಿನ ಹಾಗೆ ಜೋರಾಗಿ ನಕ್ಕುಬಿಟ್ಟ. ಗೌರಿ ಆ ನಗು ನೋಡುತ್ತಾ ನಿಂತಳು.

'ಅಯ್ಯೋ... ಇದೇನಾಗ್ತಿದೆ ನನಗೆ?'

ಚಂದ್ರಿ ಉಳಿಯಿತು. ಆದರೆ ರೋಗ ಅದರ ಶ್ವಾಸಕೋಶವನ್ನು ತಿಂದಿತ್ತು. "ನಡೆಯುತ್ತೆ, ಮೇಯುತ್ತೆ. ಇನ್ನು ಓಡಲ್ಲ," ಎಂದ ಅನಂತ. ಗೌರಿ ಅವತ್ತು ಮೊದಲ ಸಲ ಅವನ ಕೈ ಹಿಡಿದು ಅತ್ತಳು. ಅವನು ಕೈ ಬಿಡಿಸಿಕೊಳ್ಳಲಿಲ್ಲ.

"ಗೌರಿ," ಎಂದ, "ನನಗೆ ಸುತ್ತಿ ಬಳಸಿ ಹೇಳೋಕೆ ಬರಲ್ಲ. ನಿಮ್ಮನ್ನ ಮದುವೆ ಆಗ್ಬೇಕು ಅಂತಿದೀನಿ."

ಅವಳು ಕೈಯನ್ನು ಸರಕ್ಕನೆ ಎಳೆದುಕೊಂಡಳು.

"ಬೇಡ. ಹಾಗೆ ಮಾತಾಡ್ಬೇಡಿ! ನಾಳೆ ನಿಮ್ಮಮ್ಮ ನನ್ನನ್ನ ಹಿತ್ತಲ ಬಾಗಿಲಿಂದ ಒಳಗೆ ಕರೀತಾರೆ, ಬೇರೆ ಲೋಟ ಇಡ್ತಾರೆ. ನಿಮಗೆ ಕಣ್ಣಿಗೆ ಕಾಣಲ್ಲ ಅದು. ಆ ರೋಗದ ಹೆಸರು ಹೇಳುವಾಗ ಕಾಣಿಸ್ಲಿಲ್ಲವಲ್ಲ, ಹಾಗೇ. ನಾನು ದಫೇದಾರನ ಮಗಳು. ತಲೆ ತಗ್ಗಿಸಿ ಯಾರ ಮನೇನೂ ಹೊಗಲ್ಲ."

ಅನ್ನುವಾಗ ಅವಳ ಒಳಗೇ ಏನೋ ಚೂರಾಯಿತು. ಕುದುರೆಗಳನ್ನು ಹೊಡೆದುಕೊಂಡು ಅವಳು ಕೇರಿಗೆ ಮರಳಿದಳು. ಬೈರಣ್ಣ ಮತ್ತೆ ಸೂರು ಹೊದಿಸಿದ. ಅನಂತ ದಿನವೂ ಬಂದು ಕುದುರೆ ನೋಡುವನು, ಬೈರಣ್ಣನ ಜೊತೆ ಮಾತಾಡುವನು. ಗೌರಿ ಒಳಗೆ ಕೂತು ಅವನ ದನಿ ಕೇಳುವಳು. ಈಚೆ ಬರಳು.

ಆಯುಧಪೂಜೆ ಬಂತು. ಸವಾರರು ಆಟ ಆಡುತ್ತಿದ್ದ ಬಯಲಿಗೆ ರೇವಣಸಿದ್ದಪ್ಪ ಮುಳ್ಳುತಂತಿ ಹಾಕಿಸಿದ್ದ.

"ಈ ವರ್ಷ ಬೇಡ ಬಿಡು," ಎಂದ ಬೈರಣ್ಣ.

"ಬೇಡ ಅಂದ್ರೆ ಮುಂದಿನ ವರ್ಷವೂ ಬೇಡ ಅಂತಾಗುತ್ತೆ ಅಪ್ಪಾ. ರಸ್ತೆ ಎಲ್ಲರದೂ ತಾನೆ?"

ಗೌರಿ ಕುದುರೆಗಳ ಹಣೆಗೆ ಕುಂಕುಮವಿಟ್ಟಳು, ಕೊರಳಿಗೆ ಚೆಂಡು ಹೂವು ಕಟ್ಟಿದಳು. ಬೆಳಗಿನ ಬಿಸಿಲಿನಲ್ಲಿ ಲಾಯದ ಕೇರಿಯ ಸವಾರರು ಎದೆ ಸೆಟೆಸಿ ಜಯನಗರದ ನಡುರಸ್ತೆಗೆ ಇಳಿದರು. ಮುಂದೆ ಬೈರಣ್ಣ, ದಳದ ಹಳೇ ರುಮಾಲು ಸುತ್ತಿಕೊಂಡು.

ಕೆಲವು ಮನೆಗಳ ಬಾಗಿಲು ಪಟಪಟನೆ ಮುಚ್ಚಿದವು. "ಥೂ, ಮತ್ತೆ ಬಂದ್ರು!" ಎಂಬ ದನಿ ಕೇಳಿತು. ಕೆಲವರು ಗೇಟಿನ ತನಕ ಬಂದು ನೋಡಿದರು. ಮಂಗಮ್ಮ ಮುಖ ತಿರುಗಿಸಿದಳು.

ನಾಲ್ಕನೇ ಬ್ಲಾಕಿನ ರಸ್ತೆಯ ಮಗ್ಗುಲ ಮಣ್ಣಿನಲ್ಲಿ ಗೂಟ ನೆಟ್ಟರು. ಚಂದ್ರಿಯನ್ನು ಲಾಯದಲ್ಲೇ ಬಿಟ್ಟು ಬಂದಿದ್ದ ಗೌರಿ ತಾನು ಹತ್ತಿದ್ದ ಇನ್ನೊಂದು ಕುದುರೆಯನ್ನು ಚಿಮ್ಮಿಸಿದಳು. ಗಾಳಿ ಕಿವಿಯಲ್ಲಿ ಸೀಟಿ ಹೊಡೆಯಿತು. ಜೀನಿನಿಂದ ಬಾಗಿ, ಕೂದಲು ನೆಲ ಸವರುವಷ್ಟು ಬಾಗಿ, ಭರ್ಜಿ ಇಳಿಸಿದಳು. ಗೂಟ ಮೊನೆಗೆ ಸಿಕ್ಕಿ ಆಕಾಶಕ್ಕೆ ಎದ್ದಿತು!

ಕುದುರೆ ನಿಂತದ್ದು ಆ ಹೊಸ ಮನೆಯ ಗೇಟಿನ ಮುಂದೆ.

ಗೃಹಪ್ರವೇಶವಿಲ್ಲದೆಯೇ ಒಕ್ಕಲು ಬಂದಿದ್ದ ಕಮಲಾದೇವಿ ಗೇಟಿನಲ್ಲಿ ನಿಂತಿದ್ದರು. ಅವರ ಹಿಂದೆ ಅನಂತ.

ಗೌರಿ ಭರ್ಜಿ ತಗ್ಗಿಸಿದಳು. ಕಮಲಾದೇವಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆ ನೋಟದಲ್ಲಿ ಪ್ರೀತಿ ಇರಲಿಲ್ಲ.

"ನನ್ನ ಮಗ ಊಟ ಬಿಟ್ಟಿದಾನೆ," ಎಂದರು ಕೊನೆಗೆ. "ನನ್ನ ಅಣ್ಣತಮ್ಮಂದಿರು ನನ್ನ ಮನೆಗೆ ಬರೋದು ಬಿಟ್ಟಿದಾರೆ. ಪುರೋಹಿತರು ಶಾಂತಿ ಆಗ್ಬೇಕು ಅಂತಾರೆ. ಎಲ್ಲಾ ನಿನ್ನಿಂದ."

"ನಾನೇನೂ ಕೇಳಿಲ್ಲಮ್ಮ. ನಾನು ಬೇಡ ಅಂತಾನೇ ಹೇಳಿದೀನಿ."

"ಗೊತ್ತು. ಹಿತ್ತಲ ಬಾಗಿಲು ಅಂದೆಯಂತೆ. ಕುದುರೇನೇ ಮುಂಬಾಗಿಲಿಂದ ಬಂತಲ್ಲೇ! ನೀನ್ಯಾಕೆ ಹಿತ್ತಲಿಂದ ಬರ್ತೀಯಾ? ಇಳಿ ಕೆಳಗೆ. ನಿನ್ನನ್ನ ಒಪ್ಪಿದೀನಿ ಅಂತಲ್ಲ... ಅದಕ್ಕಿನ್ನೂ ದಿನ ಬೇಕು ನನಗೆ. ಆದ್ರೆ ಹಬ್ಬದ ದಿನ ಗೇಟಿನ ತನಕ ಬಂದೋಳನ್ನ ಬಾಯಾರಿದ ಹಾಗೇ ಕಳಿಸಲ್ಲ. ಪಾನಕ ಮಾಡಿದೀನಿ. ಎಲ್ಲರಿಗೂ ಒಂದೇ ಥರದ ಲೋಟ. ನಿಮ್ಮಪ್ಪನ್ನೂ ಕರಿ."

ಅಷ್ಟು ಹೇಳಿ ಕಣ್ಣೊರೆಸುತ್ತಾ ಒಳಗೆ ಹೋಗಿಬಿಟ್ಟರು. ಬೈರಣ್ಣ ಮಗಳ ಮುಖ ನೋಡಿದ. ರುಮಾಲು ಸರಿಮಾಡಿಕೊಂಡು ಅವರ ಹಿಂದೆ ಮುಂಬಾಗಿಲಿನಿಂದ ಒಳಗೆ ನಡೆದ.

ಗೌರಿ ಜೀನಿನ ಮೇಲೇ ಕಲ್ಲಾಗಿ ಕೂತಿದ್ದಳು. ಅನಂತ ಹತ್ತಿರ ಬಂದು ಲಗಾಮು ಹಿಡಿದ.

"ನಿಜವಾಗ್ಲೂ ಊಟ ಬಿಟ್ಟಿದೀರಾ?" ಪಿಸುಗುಟ್ಟಿದಳು.

"ಸೇರಲಿಲ್ಲ."

"ಹುಚ್ಚು..."

"ಇರಬಹುದು. ಗೌರಿ, ನನಗೆ ಕಾಣದೆ ಇರೋದು ಇನ್ನೂ ಬೇಕಾದಷ್ಟಿರುತ್ತೆ. ತೋರಿಸ್ತೀರಾ? ಬೈದಾದ್ರೂ ತೋರಿಸಿ."

ಅವಳು ಕೆಳಗಿಳಿದಳು. ಬೀದಿಯ ಮುಚ್ಚಿದ ಕಿಟಕಿಗಳ ಹಿಂದಿನಿಂದ ನೂರು ಕಣ್ಣು ನೋಡುತ್ತಿವೆ ಎಂದು ಗೊತ್ತಿದ್ದೂ, ಅವನ ಹಣೆಯ ಗಾಯದ ಕಲೆಯನ್ನು ಬೆರಳಿನಿಂದ ಮುಟ್ಟಿದಳು.

"ನಿಮ್ಮ ಮೇಲೆ ನನಗೆ ಇನ್ನೂ ಕೋಪ ಇದೆ, ಗೊತ್ತಾ?"

"ಗೊತ್ತು. ಎಷ್ಟು ದಿನ ಇರುತ್ತೆ?"

"ಬದುಕಿರೋ ತನಕ ಇರುತ್ತೆ."

ಅವನು ನಕ್ಕು, ಅವಳ ಬೆರಳುಗಳನ್ನು ತನ್ನ ಕೈಯೊಳಗೆ ಮುಚ್ಚಿಕೊಂಡ.

"ಹಾಗಾದ್ರೆ ಅಷ್ಟೂ ದಿನ ಜೊತೆಗಿರಿ."

"ಇರ್ತೀನಿ," ಎಂದಳು ಗೌರಿ. "ನಡೀರಿ ಮೊದ್ಲು ಊಟ ಮಾಡಿ."